ಗ್ರಹಣದ ದಿನ ಅವ್ವ ಸೌತೆಕಾಯಿ ಹೆಚ್ಚಿದ್ದು

ನಾನು ಚಿಕ್ಕವಳಿದ್ದಾಗ ನನ್ನ ಮಾತನ್ನು ಊರಿಗೆ ಬಿಡಿಸಿ ಹೇಳಲು ಒಬ್ಬಳು ಬೇಕಾಗಿತ್ತು. ಅವಳು ನನ್ನ ಅಕ್ಕ, ಅಂದರೆ ನಿಮ್ಮ ಸ್ವಂತ ಅಜ್ಜಿ. ನಾನು ಬಾಯಿ ತೆರೆದರೆ ಜನ ನನ್ನ ಮುಖ ನೋಡುತ್ತಿರಲಿಲ್ಲ, ಅಕ್ಕನ ಮುಖ ನೋಡುತ್ತಿದ್ದರು. "ಏನಂತಾಳ ಇಕಿ?" ಎಂದು ಅವಳನ್ನು ಕೇಳುತ್ತಿದ್ದರು. ಎದುರಿಗೇ ನಿಂತ ನನ್ನನ್ನು ಬಿಟ್ಟು ಪಕ್ಕದವಳನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ನೆನೆದರೂ ಉರಿಯುತ್ತದೆ.

ಹುಟ್ಟುವಾಗಲೇ ನನ್ನ ಮೇಲ್ದುಟಿ ಸೀಳಿತ್ತು. ಬಾಯೊಳಗೆ, ನಾಲಿಗೆಯ ಮೇಲ್ಗಡೆ ಅಂಗುಳದಲ್ಲೂ ಒಂದು ಸೀಳು. ಕುಡಿಸಿದ ಹಾಲು ಮೂಗಿನಿಂದ ಹೊರಗೆ ಬರುತ್ತಿತ್ತಂತೆ. ನೀವು ಬೆರಳಿಟ್ಟು ಆಡುತ್ತೀರಲ್ಲ, ನನ್ನ ತುಟಿಯ ಮೇಲಿನ ಗೆರೆ, ಅದು ಹೊಲಿಗೆಯ ಗುರುತು. ದೂರದ ದೊಡ್ಡಾಸ್ಪತ್ರೆಯಲ್ಲಿ ಮೊದಲು ತುಟಿ ಹೊಲಿದರು, ಕೆಲವು ವರ್ಷ ಬಿಟ್ಟು ಅಂಗುಳ ಹೊಲಿದರು. ಇನ್ನೇನು ಮಾತು ತಾನಾಗಿ ಬರುತ್ತದೆ ಎಂದು ಮನೆಯವರೆಲ್ಲ ಕಾದರು. ಬರಲಿಲ್ಲ. ಉಸಿರಿಗೆ ಮೂಗಿನ ದಾರಿಯೇ ರೂಢಿಯಾಗಿಬಿಟ್ಟಿತ್ತು. 'ಅಪ್ಪ' ಅನ್ನಲು ಹೋದರೆ 'ಅಮ್ಮ' ಎಂದು ಬರುತ್ತಿತ್ತು. ನಮ್ಮ ಕಡೆ ತಾಯಿಗೆ ಅವ್ವ ಅನ್ನುವುದರಿಂದ ಮನೆಯಲ್ಲಿ ತೊಂದರೆಯಿರಲಿಲ್ಲ, ಓಣಿಯ ಹುಡುಗರಿಗೆ ಮಾತ್ರ ನಗಲು ಅಷ್ಟು ಸಾಕಾಗಿತ್ತು. ಶಾಲೆಯಲ್ಲಿ ಸಾಲಾಗಿ ಪಾಠ ಓದಿಸುವಾಗ ಮೇಷ್ಟ್ರು ನನ್ನನ್ನು ದಾಟಿ ಮುಂದಿನವಳಿಗೆ ಹೋಗಿಬಿಡುತ್ತಿದ್ದರು.

ನಮ್ಮದು ಹಡಗಲಿ ತಾಲ್ಲೂಕಿನಲ್ಲಿ, ಮಾಗಳದ ಹತ್ತಿರದ ಹಳ್ಳಿ. ಹಿತ್ತಲಿನಲ್ಲಿ ನಿಂತರೆ ಹೊಳೆ ಕಾಣುತ್ತಿತ್ತು. ಆ ಊರಿಗೆಲ್ಲ ನನ್ನ ತುಟಿ ಯಾಕೆ ಸೀಳಿತು ಅನ್ನುವುದು ಚೆನ್ನಾಗಿ ಗೊತ್ತಿತ್ತು. ಅವ್ವ ಬಸುರಿಯಾಗಿದ್ದಾಗ ಒಂದು ಗ್ರಹಣ ಬಂತು. ಗ್ರಹಣದಲ್ಲಿ ಬಸುರಿ ಹೆಂಗಸು ಕತ್ತಲ ಕೋಣೆಯಲ್ಲಿ ಅಲುಗಾಡದೆ ಮಲಗಬೇಕು, ಕಾಲು ಮಡಚಬಾರದು, ತುರಿಕೆ ಬಂದರೂ ತುರಿಸಿಕೊಳ್ಳಬಾರದು, ಈಳಿಗೆಯನ್ನಂತೂ ಮುಟ್ಟಲೇಬಾರದು. ಅವ್ವ ಏನೋ ಹೆಚ್ಚಿದಳಂತೆ, ಹೊಟ್ಟೆಯಲ್ಲಿದ್ದ ನನ್ನ ತುಟಿಗೆ ಅದು ತಗುಲಿತಂತೆ. ಏನು ಹೆಚ್ಚಿದಳು ಎಂದು ಕೇಳಿದರೆ ಒಬ್ಬರು ಕುಂಬಳಕಾಯಿ ಅನ್ನುತ್ತಿದ್ದರು, ಇನ್ನೊಬ್ಬರು ಬದನೆಕಾಯಿ. ಮದುವೆ ಮನೆಯಲ್ಲಿ, ಸಂತೆಯಲ್ಲಿ, ಬಾವಿಯ ಕಟ್ಟೆಯಲ್ಲಿ ನನ್ನನ್ನು ಕಂಡವರು "ಗ್ರಹಣ ಬಡದೈತಿ" ಎಂದು ಲೊಚಗುಟ್ಟಿ, ಆಮೇಲೆ ಅವ್ವನ ಕಡೆ ಒಂದು ನೋಟ ಬಿಸಾಕುತ್ತಿದ್ದರು. ಅವ್ವ ಸೆರಗು ಸರಿಮಾಡಿಕೊಂಡು ತಲೆ ತಗ್ಗಿಸುತ್ತಿದ್ದಳು.

ಅಂಥ ಹೊತ್ತಿನಲ್ಲಿ ಹಡಗಲಿಗೆ ಒಬ್ಬರು ಮೇಡಂ ಬರತೊಡಗಿದರು. ತಿಂಗಳಿಗೊಂದು ದಿನ, ಆಸ್ಪತ್ರೆಯ ಹಿಂದಿನ ಒಂದು ಕೋಣೆಯಲ್ಲಿ ಕುಳಿತು ಮಾತು ಬಾರದ, ಮಾತು ತಡೆಯುವ ಮಕ್ಕಳಿಗೆ ಕಲಿಸುತ್ತಿದ್ದರು. ಜನ ಅವರನ್ನು ಮಾತಿನ ಡಾಕ್ಟರಮ್ಮ ಅನ್ನುತ್ತಿದ್ದರು. ಸೂಜಿ ಇಲ್ಲ, ಔಷಧಿ ಇಲ್ಲ, ಮೇಜಿನ ಮೇಲೆ ಹತ್ತಿಯ ಉಂಡೆ, ಪೀಪಿ, ಒಂದು ಪುಟ್ಟ ಕನ್ನಡಿ. ಕನ್ನಡಿಯನ್ನು ಮೂಗಿನ ಕೆಳಗೆ ಅಡ್ಡ ಹಿಡಿದು 'ಪ' ಅನ್ನಿಸುತ್ತಿದ್ದರು. ಉಸಿರು ಮೂಗಿನಿಂದ ಸೋರಿದರೆ ಕನ್ನಡಿ ಮಸುಕಾಗುತ್ತಿತ್ತು. ಬಾಯಿಂದಲೇ ಹೋದರೆ ಕನ್ನಡಿ ತಿಳಿಯಾಗಿ ಉಳಿದು, ಮುಂದಿದ್ದ ಹತ್ತಿಯ ಉಂಡೆ ಉರುಳುತ್ತಿತ್ತು. ನನ್ನ ಕನ್ನಡಿ ಯಾವಾಗಲೂ ಮಸುಕು, ನನ್ನ ಹತ್ತಿ ಯಾವಾಗಲೂ ಕೂತಲ್ಲೇ ಕೂತಿರುತ್ತಿತ್ತು. ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತ ನನ್ನ ಮೂಗಿನ ಕೆಳಗೆ ಅಪ್ಪ ಗಡ್ಡ ಮಾಡಿಕೊಳ್ಳುವ ಕನ್ನಡಿ ಹಿಡಿಸಿ ದಿನವೂ ಅಭ್ಯಾಸ ಮಾಡಿಸುತ್ತಿದ್ದಳು.

ಮೇಡಂ ಕೋಣೆಯ ಮುಂದೆ ಮಕ್ಕಳು ತುಂಬಿ ತುಳುಕುತ್ತಿದ್ದರು. ಅದಕ್ಕೇ ಒಂದು ಕಟ್ಟುನಿಟ್ಟು ಮಾಡಿದ್ದರು: ಮೂರು ಸಲ ಬಿಡದೆ ತಪ್ಪಿಸಿಕೊಂಡವರ ಜಾಗ ಬೇರೆ ಮಗುವಿಗೆ. ನಾವು ಒಮ್ಮೆ ಶೇಂಗಾ ಕೀಳುವ ಕೆಲಸದಲ್ಲಿ ತಪ್ಪಿಸಿದ್ದೆವು, ಅದರ ಮುಂದಿನ ಸಲ ನನಗೇ ಜ್ವರ. ಇನ್ನೊಂದು ಸಲ ತಪ್ಪಿದರೆ ನನ್ನ ಜಾಗ ಹೋಗುತ್ತಿತ್ತು. ವಯಸ್ಸು ಏರಿದಷ್ಟೂ ನಾಲಿಗೆಯ ಹಳೇ ರೂಢಿ ಬಿಡಿಸುವುದು ಕಷ್ಟ ಎಂದು ಮೇಡಂ ಹೇಳಿಯೇ ಇದ್ದರು. ಆ ಮೂರನೆಯ ಸಲದ ದಿನವೇ ಸೂರ್ಯಗ್ರಹಣ ಬಂತು. ಅವ್ವ ಆಗ ಮತ್ತೆ ಬಸುರಿ, ಹೊಟ್ಟೆ ಚೆನ್ನಾಗಿ ಮುಂದೆ ಬಂದಿತ್ತು.

ಅವತ್ತು ಬೆಳಗ್ಗೆಯೇ ನನ್ನ ಅಜ್ಜಿ, ಅಪ್ಪನ ತಾಯಿ, ಕೆಲಸ ಶುರುಮಾಡಿದ್ದಳು. ನೀರಿನ ಕೊಡಗಳ ಬಾಯಿಗೆ ಗರಿಕೆ ಇಟ್ಟಳು. ಒಲೆ ಆರಿಸಿದಳು. ಅಂಗಳದಲ್ಲಿ ಕಂಚಿನ ಗಂಗಾಳಕ್ಕೆ ನೀರು ತುಂಬಿ ಅದರೊಳಗೆ ಒನಕೆ ನಿಲ್ಲಿಸಿದಳು. ಗ್ರಹಣ ಹಿಡಿದಿರುವ ತನಕ ಒನಕೆ ತಾನಾಗಿ ನಿಲ್ಲುತ್ತದೆ, ಬಿಟ್ಟ ಮೇಲೆ ಬೀಳುತ್ತದೆ ಎಂದು ನಂಬಿಕೆ. ಅಕ್ಕ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ ಅವ್ವನಿಗೆ ಹಾಸಿಗೆ ಹಾಸಿದಳು. ಮನೆಯೊಳಗೆ ಆರಿದ ಬೂದಿಯ ವಾಸನೆ. ನಾನು ಇಸ್ತ್ರಿ ಇಲ್ಲದ ಶಾಲೆಯ ಅಂಗಿ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿಕೊಂಡು, ಹೊಸ್ತಿಲ ಮೇಲೆ ಕುಳಿತಿದ್ದೆ. ಹೋಗುತ್ತೇವೋ ಇಲ್ಲವೋ ಎಂದು ಯಾರೂ ನನಗೆ ಹೇಳಿರಲಿಲ್ಲ.

ಅವ್ವ ಕೋಣೆಯಿಂದ ಹೊರಗೆ ಬಂದಳು. ಮಲಗುವ ಸೀರೆಯಲ್ಲಿರಲಿಲ್ಲ, ಊರಿಗೆ ಹೋಗುವ ಸೀರೆ ಉಟ್ಟಿದ್ದಳು. ಕೈಯಲ್ಲಿ ಚೀಲ. ಅಪ್ಪ ಕಟ್ಟೆಯ ಮೇಲಿಂದ ಎದ್ದು ನಿಂತು, "ಮುಂದಿನ ಸಲ ಹೋದ್ರಾತು ಬಿಡು" ಎಂದು ತನ್ನ ಕಾಲ ಹೆಬ್ಬೆರಳು ನೋಡುತ್ತ ಹೇಳಿದ. ಅಪ್ಪ ಒಳ್ಳೆಯವನು, ಆದರೆ ಅಜ್ಜಿಯ ಮುಂದೆ ಅವನ ಧ್ವನಿ ನನ್ನದಕ್ಕಿಂತ ಸಣ್ಣಗಾಗುತ್ತಿತ್ತು. ಅಕ್ಕ ಅವ್ವನ ಕಿವಿಯಲ್ಲಿ, ತಾನು ಕಂಬಳಿ ಹೊದ್ದು ಅವ್ವನ ಜಾಗದಲ್ಲಿ ಮಲಗುತ್ತೇನೆ, ನೀವು ಹಿತ್ತಲಿಂದ ಹೋಗಿ ಎಂದು ಉಸುರಿದಳು. ಅವ್ವ ಎಲ್ಲರಿಗೂ ಕೇಳುವ ಹಾಗೆ, "ಕದ್ದು ಹೋಗಾಕ ನಾನೇನು ಕಳವು ಮಾಡಾಕತ್ತೀನಾ?" ಎಂದಳು.

ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. "ಒಂದ್ಸಲ ಹೆಚ್ಚಿ ಈ ಕೂಸಿನ ಬಾಯಿ ಹಿಂಗ ಮಾಡಿದಿ, ಸಾಲಲಿಲ್ಲೇನು? ಇನ್ನೊಂದಕ್ಕೂ ಕುತ್ತು ತರ್ತೀಯಾ?"

ಅವ್ವ ಅದುವರೆಗೆ ಈ ಮಾತಿಗೆ ಉತ್ತರ ಕೊಟ್ಟಿದ್ದನ್ನು ನಾನು ಕೇಳಿರಲಿಲ್ಲ. ಅವತ್ತು ಕೊಟ್ಟಳು. "ನಾ ಹೆಚ್ಚಲಿಲ್ಲರೀ ಅತ್ತಿ. ಆವತ್ತು ನೀವು ಹೇಳಿದಂಗ ಕತ್ತಲಾಗ ಕಟಿಗಿ ಬಿದ್ದಂಗ ಬಿದ್ದಿದ್ದೆ. ಕೈ ತುರಿಸಿದ್ರೂ ಕೆರಕೊಳ್ಳಲಿಲ್ಲ. ಬಾಗಲದಾಗ ಕಾವಲು ಕುಂತಾಕಿ ನೀವ."

ಅಜ್ಜಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನೆನಪು ಬಂದಿರಬೇಕು, ಮುಖದಲ್ಲಿ ಕಂಡಿತು. ಆದರೂ ಬಿಡಲಿಲ್ಲ. "ಹಂಗಾರ ತುಟಿ ಯಾಕ ಸೀಳ್ತು?"

"ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ನನ್ನ ಮ್ಯಾಲ ಹೊರಸಬ್ಯಾಡ್ರಿ" ಎಂದು ಅವ್ವ ನನ್ನ ಕೈ ಹಿಡಿದು, ಅಜ್ಜಿಯ ಪಕ್ಕದಿಂದ, ಮುಂಬಾಗಿಲಿನಿಂದಲೇ ಹೊರಗೆ ಬಂದಳು. ಮಕ್ಕಳೇ, ನೀವು ಅರ್ಥಮಾಡಿಕೊಳ್ಳಬೇಕು. ಇಡೀ ಊರು ಲೆಕ್ಕವನ್ನು ಹಿಂದುಮುಂದು ಹಾಕಿತ್ತು. ತುಟಿ ಸೀಳಿದೆ, ಹಾಗಾದರೆ ಇವಳು ಹೆಚ್ಚಿರಲೇಬೇಕು! ಅವಳು ಹೆಚ್ಚಿದ್ದನ್ನು ಕಂಡವರು ಒಬ್ಬರೂ ಇರಲಿಲ್ಲ. ಮಾಡದ ತಪ್ಪಿಗೆ ಅಷ್ಟು ವರ್ಷ ತಲೆ ತಗ್ಗಿಸಿದ್ದಳು ನನ್ನ ಅವ್ವ.

ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಬಾಗಿಲುಗಳೆಲ್ಲ ಮುಚ್ಚಿದ್ದವು, ಸಂದುಗಳಲ್ಲಿ ಕಣ್ಣುಗಳು ಮಾತ್ರ ಇದ್ದವು. ಬಸ್ ನಿಲ್ಲುವ ಬೇವಿನ ಮರದ ಕೆಳಗೆ ಬಂದಾಗ ಬಿಸಿಲು ಕಂದತೊಡಗಿತ್ತು. ಮೋಡವಿಲ್ಲ, ಆದರೂ ಬೆಳಕು ಸೋರಿಹೋದ ಹಾಗೆ. ಗಾಳಿ ತಣ್ಣಗಾಯಿತು. ಕೆಳಗೆ ನೋಡಿದರೆ ಎಲೆಗಳ ಸಂದಿನಿಂದ ನೆಲಕ್ಕೆ ಬೀಳುವ ಬಿಸಿಲಿನ ಚುಕ್ಕೆಗಳು ಯಾವುವೂ ದುಂಡಗಿರಲಿಲ್ಲ, ಎಲ್ಲವೂ ಯಾರೋ ಕಚ್ಚಿ ಬಿಟ್ಟ ರೊಟ್ಟಿಯ ಚೂರಿನಂತೆ ಬಾಗಿದ್ದವು. ನೂರಾರು ಪುಟ್ಟ ಸೂರ್ಯರು ನನ್ನ ಪಾದದ ಮೇಲೆ! ನಾನು ಕುಣಿದೆ. ಸೂರ್ಯನನ್ನು ಬರಿಗಣ್ಣಿಂದ ನೋಡಬಾರದು ಅನ್ನುವುದೊಂದು ನಿಜ, ಅದನ್ನು ನೀವೂ ಕೇಳಬೇಕು. ನೆಲ ನೋಡಲು ಯಾರ ಅಪ್ಪಣೆಯೂ ಬೇಡ.

ಅಷ್ಟರಲ್ಲಿ ಅಪ್ಪ ಓಡುತ್ತ ಬಂದ. ನಮ್ಮನ್ನು ತಡೆಯಲು ಬಂದ ಎಂದುಕೊಂಡೆ. ಕೈಯಲ್ಲಿ ಮನೆಯ ದೊಡ್ಡ ಕಪ್ಪು ಕೊಡೆ ಇತ್ತು. ಏದುಸಿರು ಬಿಡುತ್ತ ಅದನ್ನು ಬಿಚ್ಚಿ ಅವ್ವನ ತಲೆಯ ಮೇಲೆ, ಹೊಟ್ಟೆಗೂ ನೆರಳಾಗುವ ಹಾಗೆ ಹಿಡಿದ. ತಾಯಿಯನ್ನು ಎದುರಿಸಲು ಆಗದು, ಹೆಂಡತಿಯನ್ನು ತಡೆಯಲೂ ಆಗದು, ಗ್ರಹಣಕ್ಕಾದರೂ ಕೊಡೆ ಅಡ್ಡ ಹಿಡಿಯೋಣ ಎಂದು ಬಂದಿದ್ದ ಪುಣ್ಯಾತ್ಮ. ಬಸ್ಸು ಬಂದಾಗ ಹಿಂದಿರುಗಲಿಲ್ಲ, ನಮ್ಮ ಜೊತೆಗೇ ಹತ್ತಿದ. ಬಸ್ಸಿನೊಳಗೂ ಕೊಡೆ ಮಡಚಲಿಲ್ಲ. ಕಿಟಕಿಯಿಂದ ಗ್ರಹಣ ಒಳಗೆ ಬರುತ್ತದಲ್ಲ!

ಬಸ್ಸಿನಲ್ಲಿ ಡ್ರೈವರು, ಕಂಡಕ್ಟರು ಬಿಟ್ಟರೆ ನಾವೇ. ಕಂಡಕ್ಟರು ಕೊಡೆ ನೋಡಿ, "ಏನ್ರೀ ಯಜಮಾನ್ರ, ಬಸ್ಸಿನ್ಯಾಗ ಮಳಿ ಬರಾಕತ್ತೈತೇನು?" ಎಂದು ನಕ್ಕ. ಆಮೇಲೆ ಅವ್ವನ ಹೊಟ್ಟೆ ಕಂಡು ನಗೆ ನಿಲ್ಲಿಸಿದ. "ಯವ್ವಾ, ಇಂಥ ಹೊತ್ತಿನಾಗ ಬಸುರಿ ಹೆಣ್ಮಗಳು ಹೊರಗ ಬರ್ತಾರೇನು?"

"ಬಂದೀನಲ್ರೀ. ಹಡಗಲಿಗೆ ಟಿಕೆಟ್ ಕೊಡ್ರಿ" ಎಂದಳು ಅವ್ವ. ಅವನು ಕೊಟ್ಟ.

ಆಸ್ಪತ್ರೆಯ ಮೊಗಸಾಲೆ ಬಿಕೋ ಅನ್ನುತ್ತಿತ್ತು. ಮೇಡಂ ಒಬ್ಬರೇ ಕೋಣೆಯಲ್ಲಿ ಕುಳಿತಿದ್ದರು. ನಮ್ಮನ್ನು ಕಂಡು ಎದ್ದೇ ನಿಂತರು. ಬೇರೆ ದಿನ ಕಾಲು ಗಂಟೆ ಸಿಕ್ಕರೆ ನನ್ನ ಭಾಗ್ಯ, ಅವತ್ತು ಒಂದು ಗಂಟೆ ಪೂರ್ತಿ ನನ್ನೊಬ್ಬಳದೇ. ಪೀಪಿ ಊದಿದೆ, ಕೆನ್ನೆ ಉಬ್ಬಿಸಿದೆ, ಬೆರಳಿನಿಂದ ಮೂಗು ಹಿಂಡಿಕೊಂಡು 'ಪ' ಅಂದೆ, ಮೂಗು ಬಿಟ್ಟು ಮತ್ತೆ ಅಂದೆ. ಕನ್ನಡಿ ಮಸುಕು, ಮತ್ತೆ ಮಸುಕು. ಮೇಡಂ ಬೇಸರಿಸಲಿಲ್ಲ. ನಾನೇ ಸಿಟ್ಟಿಗೆದ್ದು ಮೇಜು ಒದ್ದೆ. "ಸಿಟ್ಟು ಬಂದ್ರೆ ಬರಲಿ. ಆ ಸಿಟ್ಟನ್ನೂ ಬಾಯಿಂದಾನೇ ಹೊರಗೆ ಹಾಕು, ಮೂಗಿಗೆ ಕೊಡಬೇಡ" ಎಂದರು ಅವರು. ನಾನು ತುಟಿ ಬಿಗಿಹಿಡಿದು, ಓಣಿಯ ಹುಡುಗರನ್ನೆಲ್ಲ ನೆನೆದು, "ಅಪ್ಪ" ಎಂದು ಸಿಡಿದೆ. ಹತ್ತಿಯ ಉಂಡೆ ಮೇಜಿನ ಅಂಚಿನ ತನಕ ಉರುಳಿತು. ಕನ್ನಡಿ ತಿಳಿಯಾಗಿತ್ತು.

ಬಾಗಿಲ ಬಳಿ ಕೊಡೆ ಹಿಡಿದು ನಿಂತಿದ್ದ ಅಪ್ಪ, "ಏನವ್ವಾ?" ಎಂದ. ಪಾಠ ನಡೆಯುತ್ತಿದೆ ಅನ್ನುವುದು ಅವನಿಗೆ ಮರೆತುಹೋಗಿತ್ತು, ಮಗಳು ಕರೆದಳು, ಓಗೊಟ್ಟ. ಮೇಡಂ ನಕ್ಕರು. ಅವ್ವ ನಗಲಿಲ್ಲ. ಕನ್ನಡಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

ಆಮೇಲೆ ಎಷ್ಟೋ ಸಲ ಅದು ಮತ್ತೆ ಮಸುಕಾಯಿತು. ಮಾತೇನು ಒಂದೇ ದಿನದಲ್ಲಿ ನೆಟ್ಟಗಾಗುವುದಿಲ್ಲ, ನನಗೆ ವರ್ಷಗಳೇ ಹಿಡಿದವು. ಆದರೆ ಒಮ್ಮೆ ಬಂದದ್ದು ಮತ್ತೆ ಬರುತ್ತದೆ ಎಂದು ಮೇಡಂ ಹೇಳಿದರು, ನಾನು ನಂಬಿದೆ. ಹೊರಗೆ ಬಂದಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ಬೆಳಗ್ಗೆಯಿಂದ ಮನೆಯಲ್ಲಿ ಯಾರೂ ಏನೂ ತಿಂದಿರಲಿಲ್ಲ, ಗ್ರಹಣದಲ್ಲಿ ತಿನ್ನುವಂತಿಲ್ಲ. ಅಂಗಳದಲ್ಲಿ ಇನ್ನೂ ಆ ಕಂದಿದ ಬೆಳಕೇ ಇತ್ತು.

ಅವ್ವ ಮೊಗಸಾಲೆಯ ಮೆಟ್ಟಿಲ ಮೇಲೆ ಕುಳಿತಳು, ನೆರಳಿನಲ್ಲಲ್ಲ, ಆ ಬೆಳಕು ಬೀಳುವ ಕಡೆ. ಚೀಲದಿಂದ ಒಂದು ಎಳೇ ಸೌತೆಕಾಯಿ ತೆಗೆದಳು. ಆಮೇಲೆ ಚಾಕು. ಚಾಕು ತಂದಿದ್ದಳು ಅಂದರೆ ಮನೆ ಬಿಡುವಾಗಲೇ ತೀರ್ಮಾನಿಸಿದ್ದಳು. ತೊಟ್ಟು ಕತ್ತರಿಸಿದಳು. ಉದ್ದಕ್ಕೆ ಸೀಳಿದಳು. ಹೋಳು ಮಾಡಿ, ಸೆರಗಿನ ತುದಿಯ ಗಂಟು ಬಿಚ್ಚಿ ಉಪ್ಪು ಹಚ್ಚಿದಳು. ಹಸಿ ಸೌತೆಯ ತಂಪು ವಾಸನೆ ಮೂಗಿಗೆ ಬಡಿಯಿತು. "ಮಾಡದ ಅಡಿಗಿಗೆ ಇಷ್ಟು ದಿನ ಬೈಸಿಕೊಂಡೆ. ಇನ್ನು ಮುಂದ ಬೈಯೋರು ಮಾಡಿದ್ದಕ್ಕಾದ್ರೂ ಬೈಲಿ. ತಿನ್ನು" ಎಂದಳು. ಹೆದರಿಕೆ ಅವಳಿಗೂ ಇತ್ತು ಮಕ್ಕಳೇ. ಹೆದರಿಕೆ ಇಟ್ಟುಕೊಂಡೇ ಹೆಚ್ಚಿದಳು.

ನಾನು ಕರಕರ ಕಡಿದೆ. ಅಪ್ಪ ಕೊಡೆಯ ಕೆಳಗೆ ನಿಂತು ಸೌತೆಕಾಯಿಯನ್ನು, ಅವ್ವನ ಹೊಟ್ಟೆಯನ್ನು, ಆಕಾಶವನ್ನು ಒಂದಾದ ಮೇಲೊಂದು ನೋಡಿದ. ಆಮೇಲೆ ಕೊಡೆ ಮಡಚಿ ಗೋಡೆಗೆ ಒರಗಿಸಿದ. ಅವ್ವನ ಪಕ್ಕ ಕುಳಿತು ಕೈ ಚಾಚಿದ. ಅವ್ವ ಅವನಿಗೂ ಒಂದು ಹೋಳು ಕೊಟ್ಟಳು, ತಾನೂ ಒಂದು ತಿಂದಳು.

ಊರಿಗೆ ಬರುವಷ್ಟರಲ್ಲಿ ಗ್ರಹಣ ಬಿಟ್ಟಿತ್ತು. ಹೊಳೆಯಲ್ಲಿ ಮಿಂದು ಒದ್ದೆ ಕೂದಲಲ್ಲಿ ಬರುತ್ತಿದ್ದ ಹೆಂಗಸರು ನಮ್ಮನ್ನು ಕಂಡು ನಮ್ಮ ಮನೆಯ ಮುಂದೆಯೇ ನಿಂತರು. ಅಜ್ಜಿ ಹೊಸ್ತಿಲಲ್ಲಿ ನೀರಿನ ಕೊಡ ಹಿಡಿದು ನಿಂತಿದ್ದಳು. ಸ್ನಾನ ಮಾಡದೆ ಒಳಗೆ ಬಿಡುವವಳಲ್ಲ. "ಗ್ರಹಣದಾಗ ಏನೇನು ಮಾಡಿದ್ರಿ?" ಎಂದು ಅವಳು ಕೇಳಿದ್ದು ಅಪ್ಪನನ್ನು. ಅಪ್ಪ ಬಾಯಿ ತೆರೆಯುವ ಮೊದಲು ನಾನು ಮುಂದೆ ಹೋದೆ. ಮೇಡಂ ಹೇಳಿದ ಹಾಗೆ, ಉಸಿರನ್ನು ಬಾಯಿಗೆ ತಂದುಕೊಂಡು, ಒಂದೊಂದೇ ಮಾತನ್ನು ಎಲ್ಲರ ಮುಂದೆ ಇಟ್ಟೆ.

"ಅವ್ವ ಸೌತಿಕಾಯಿ ಹೆಚ್ಚಿದ್ಲು. ನಾ ತಿಂದೆ. ಅಪ್ಪಾನೂ ತಿಂದ."

ಧ್ವನಿ ಮೂಗಿನಲ್ಲೇ ಇತ್ತು. ಆದರೆ ಅಜ್ಜಿ ರೂಢಿಯಂತೆ ಅಕ್ಕನ ಕಡೆ ಕತ್ತು ತಿರುಗಿಸಿದವಳು ಅರ್ಧಕ್ಕೇ ನಿಂತಳು. ಕೇಳಬೇಕಾಗಿರಲಿಲ್ಲ, ತಿಳಿದಿತ್ತು. ಒದ್ದೆ ಕೂದಲಿನ ಹೆಂಗಸರಿಗೂ ತಿಳಿದಿತ್ತು, ಒಬ್ಬಳು ಬಾಯಿಗೆ ಸೆರಗು ಹಿಡಿದಳು. ನನ್ನ ಬಾಯಿಂದ ಊರಿಗೆ ಅರ್ಥವಾದ ಮೊದಲ ಪೂರ್ತಿ ಮಾತು ಅದು, ಅದೂ ಎಂಥ ಮಾತು! ಅಜ್ಜಿ ಕೊಡದ ನೀರನ್ನು ನಮ್ಮ ಮೂವರ ಮೇಲೂ ಸುರಿದಳು. ಬೈಯುತ್ತಲೇ ಸುರಿದಳು. ನನಗೆ ಬಹಳ ಖುಷಿಯಾಗಿತ್ತು.

ಕೆಲವು ತಿಂಗಳಿಗೆ ತಮ್ಮ ಹುಟ್ಟಿದ. ಅಷ್ಟು ದಿನವೂ ಅವ್ವ ಸರಿಯಾಗಿ ನಿದ್ದೆ ಮಾಡಿರಲಿಲ್ಲ ಎಂದು ಅಕ್ಕ ಆಮೇಲೆ ಹೇಳಿದಳು. ಅಜ್ಜಿ ಮೊದಲು ಮಾಡಿದ ಕೆಲಸ ಅಂದರೆ ಕೂಸಿನ ಬಾಯಿ ತೆರೆದು ತುಟಿ, ಅಂಗುಳ ಎಲ್ಲ ಬೆರಳಿಂದ ತಡವಿದ್ದು. ಸೀಳಿರಲಿಲ್ಲ. ಅಜ್ಜಿಯ ಕಣ್ಣಲ್ಲಿ ನೀರು ಬಂತು, ಅವ್ವನ ತಲೆ ಸವರಲು ಹೋದಳು. ಅವ್ವ ಮಲಗಿದಲ್ಲಿಂದಲೇ, "ಇವನ ತುಟಿ ನೋಡಿ ನನಗ ಶಾಬಾಸ್ ಅನಬ್ಯಾಡ್ರಿ ಅತ್ತಿ. ಅಕಿ ತುಟಿ ನೋಡಿ ಬೈಯೂಬ್ಯಾಡ್ರಿ. ಇಬ್ಬರೂ ನಾ ಹಡದ ಮಕ್ಕಳ" ಎಂದಳು.

ಊರು ಸುಧಾರಿಸಿತು ಎಂದುಕೊಂಡಿರಾ? ಎಲ್ಲಿಯ ಮಾತು! ಕೂಸನ್ನು ಕಾಪಾಡಿದ್ದು ಅಪ್ಪನ ಕೊಡೆ ಎಂದು ಊರು ತೀರ್ಮಾನಿಸಿತು. ಮುಂದಿನ ಗ್ರಹಣ ಬಂದಾಗ ಬಸುರಿಯರಿದ್ದ ಮನೆಯವರು ಆ ಕೊಡೆ ಕೇಳಿಕೊಂಡು ಬಂದರು. ಅವ್ವ ಬಾಗಿಲಲ್ಲೇ ನಿಂತು, ಕೊಡೆ ಬೇಡ, ಬೇಕಿದ್ದರೆ ಚಾಕು ಕೊಡುತ್ತೇನೆ ಎಂದು ಅವರನ್ನೆಲ್ಲ ಹಿಂದಕ್ಕೆ ಕಳಿಸಿದಳು.

ಈಗ ನಿಮ್ಮ ಕಾಲ. ನಿಮ್ಮಲ್ಲಿ ಚಿಕ್ಕವನಿಗೆ ಮಾತು ತಡೆಯುತ್ತದೆ. ಅವನು ವಾರಕ್ಕೊಮ್ಮೆ ಹೊಸಪೇಟೆಗೆ ಹೋಗಿ, ಬಣ್ಣದ ಚಾಪೆಯ ಮೇಲೆ ಕುಳಿತು, ಗೊಂಬೆಗಳ ಜೊತೆ ಮಾತು ಕಲಿತು, ಬರುವಾಗ ಐಸ್‌ಕ್ರೀಂ ತಿಂದು ಬರುತ್ತಾನೆ. ನನಗೆ ಸಂತೋಷ. ಆದರೆ ಮೊನ್ನೆ ನಿಮ್ಮ ಮನೆಗೆ ಬಂದವರು ನಿಮ್ಮ ಅಮ್ಮನಿಗೆ, "ಮೊಬೈಲ್ ಕೊಟ್ಟು ಕೊಟ್ಟು ನೀನೇ ಹಿಂಗ ಮಾಡೀದಿ" ಅಂದರು. ನಿಮ್ಮ ಅಮ್ಮ ತಲೆ ತಗ್ಗಿಸಿದಳು. ಆಗ ಗ್ರಹಣ, ಈಗ ಮೊಬೈಲು, ಬೈಸಿಕೊಳ್ಳುವವಳು ಮಾತ್ರ ತಾಯಿಯೇ. ನಾನು ಅಲ್ಲೇ ಇದ್ದೆ, ಏನು ಹೇಳಬೇಕೋ ಹೇಳಿದೆ. ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದದ್ದು ನಿಮಗೆ ನೆನಪಿರಬೇಕು.

ನಾನು ಹಿಟ್ಟಿನ ಗಿರಣಿ ನಡೆಸುತ್ತೇನೆ. ಗಿರಣಿಯ ಗದ್ದಲದ ಮೇಲೆ ದಿನವಿಡೀ ಕೂಗಿ ಮಾತಾಡುತ್ತೇನೆ. ನನ್ನ ಮಾತು ಈಗಲೂ ಮೂಗಿನಲ್ಲಿ ಸ್ವಲ್ಪ ಸುಳಿದೇ ಬರುತ್ತದೆ, ಬರಲಿ. ಮೊನ್ನೆ ನೀವು ನಿಮ್ಮ ಫೋನು ತಂದು, ಮಾತಾಡಿದರೆ ಇದು ತಾನೇ ಬರೆದುಕೊಳ್ಳುತ್ತದೆ ಎಂದು ನನ್ನ ಬಾಯ ಮುಂದೆ ಹಿಡಿದಿರಿ. ನಾನು ಮಾತಾಡಿದೆ, ಅದು ಏನೇನೋ ಬರೆಯಿತು. ಮತ್ತೆ ಮಾತಾಡಿದೆ, ಮತ್ತೆ ಏನೇನೋ. ನೀವು ಬಿದ್ದು ಬಿದ್ದು ನಕ್ಕಿರಿ, ನಾನೂ ನಕ್ಕೆ. ಆಮೇಲೆ ದೊಡ್ಡವನು, "ಅಜ್ಜೀ, ಇನ್ನೊಂದ್ಸಲ ಸರಿಯಾಗಿ ಹೇಳು" ಅಂದ.

ಆಗ ಗಿರಣಿ ಶುರುವಾಯಿತು, ನನ್ನ ಉತ್ತರ ನಿಮಗೆ ಕೇಳಿಸಲಿಲ್ಲ. ಈಗ ಹೇಳುತ್ತೇನೆ, ಕೇಳಿ. ನಾ ಸರಿಯಾಗೇ ಹೇಳೀನಿ. ಆ ಫೋನಿಗೆ ಕೇಳಾಕ ಕಲಿಸ್ರಿ.